ಕೆಮ್ಮು ಉಂಟಾ ಅಂತ ನಮ್ಮ ಭಾಷೆಯಲ್ಲಿ ಒಮ್ಮೆ ಕೇಳಿ

ಸಂಪಾದಕರಿಗೆ ನಮಸ್ಕಾರ.

ಮಳೆ ಹಿಡಿಯಿತು ಅಂದರೆ ನಿಮ್ಮ ಪತ್ರಿಕೆಯಲ್ಲಿ ಜ್ವರದ ಸುದ್ದಿ ಶುರುವಾಗುತ್ತದೆ. ಡೆಂಗಿ, ಇಲಿಜ್ವರ, ಕಾಮಾಲೆ. ಅದನ್ನು ಓದಿ ನಾವೂ ಚಿಪ್ಪಿನಲ್ಲಿ ನಿಂತ ನೀರು ಚೆಲ್ಲುತ್ತೇವೆ, ನೀರು ಕುದಿಸಿ ಕುಡಿಯುತ್ತೇವೆ. ಆದರೆ ಜ್ವರ ಬಂದವರೆಲ್ಲ ಕೊನೆಗೆ ಹೋಗಿ ಸೇರುವುದು ಆಸ್ಪತ್ರೆಯ ಬೆಂಚಿನ ಮೇಲೆ ಅಲ್ವಾ? ಅಲ್ಲಿ ಒಬ್ಬರದ್ದು ಇನ್ನೊಬ್ಬರಿಗೆ ಹೇಗೆ ತಗಲುತ್ತದೆ, ಅದನ್ನು ಬಾಗಿಲಲ್ಲೇ ಹೇಗೆ ತಡೆಯಬಹುದು ಅನ್ನುವುದರ ಬಗ್ಗೆ ಯಾರೂ ಬರೆಯುವುದು ಕಾಣುವುದಿಲ್ಲ. ನಮ್ಮದು ಕೇರಳದ ಗಡಿ ಜಿಲ್ಲೆ ಕಾಸರಗೋಡು, ಇಲ್ಲಿ ಕನ್ನಡ, ತುಳು ಮಾತಾಡುವವರು ಉಂಟು, ಆಸ್ಪತ್ರೆಯ ಮಾತು ಹೆಚ್ಚಾಗಿ ಮಲಯಾಳ. ನಮ್ಮ ಮನೆಯಲ್ಲಿ ಆದದ್ದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೂ ದಯವಿಟ್ಟು ಹಾಕಿ.

ಕಳೆದ ಮಳೆಗಾಲದಲ್ಲಿ ನನ್ನ ಅತ್ತೆಗೆ ಕೆಮ್ಮು ಶುರುವಾಯಿತು. ಅವರಿಗೆ 72 ವರ್ಷ, ಸಕ್ಕರೆ ಕಾಯಿಲೆಯೂ ಉಂಟು. ಮೊದಲ ವಾರ ಕಷಾಯ ಮಾಡಿ ಕೊಟ್ಟೆ. ಎರಡನೇ ವಾರ ಮೆಡಿಕಲ್ ಶಾಪಿನಿಂದ ಸಿರಪ್ ತಂದದ್ದಾಯಿತು. ಮೂರನೇ ವಾರ ಗಂಜಿಯೂ ಸೇರದೆ ಕೂತಲ್ಲೇ ಸೋತು ಹೋಗುವುದನ್ನು ನೋಡಿ ಆಸ್ಪತ್ರೆಗೆ ಕರಕೊಂಡು ಹೋದೆ. ಯಾವ ಆಸ್ಪತ್ರೆ ಅಂತ ಬರೆಯುವುದಿಲ್ಲ. ಅಲ್ಲಿಯ ಸಿಸ್ಟರುಗಳು ಬೆಳಗ್ಗಿನಿಂದ ಒಂದು ಲೋಟ ಚಹಾಕ್ಕೂ ಕೂರದೆ ಕೆಲಸ ಮಾಡುವುದನ್ನು ನಾನೇ ನೋಡಿದ್ದೇನೆ, ಅವರ ಮೇಲೆ ದೂರು ಹೇಳುವುದು ನನ್ನ ಉದ್ದೇಶ ಅಲ್ಲ.

ನಾನು ಒ.ಪಿ. ಚೀಟಿ ಮಾಡಿಸುವ ಸಾಲಿನಲ್ಲಿದ್ದೆ. ಅತ್ತೆಯನ್ನು ಬಿ.ಪಿ. ನೋಡುವ ಮೇಜಿನ ಹತ್ತಿರ ಕೂರಿಸಿದ್ದೆ. ಸಿಸ್ಟರ್ ಒಳ್ಳೆಯ ಹುಡುಗಿ, ಪ್ರೀತಿಯಿಂದಲೇ ಕೇಳಿದಳು: "ಅಮ್ಮೇ, ಪನಿ ಉಂಡೋ? ಚುಮ ಉಂಡೋ?" ಮಲಯಾಳದಲ್ಲಿ ಪನಿ ಅಂದರೆ ಜ್ವರ, ಚುಮ ಅಂದರೆ ಕೆಮ್ಮು. ನಮ್ಮ ಮನೆಯ ಮಾತು ತುಳು. ತುಳುವಿನಲ್ಲಿ ಪನಿ ಅಂದರೆ ಹನಿ ಮಳೆ. ಅತ್ತೆ ಹುಟ್ಟಿದ್ದು, ಮದುವೆಯಾಗಿ ಬಂದದ್ದು ಎರಡೂ ಗಡಿಯ ಒಳಗಿನ ಹಳ್ಳಿಗಳಿಗೆ, ಓದಿದ್ದು ಕನ್ನಡದಲ್ಲಿ ನಾಲ್ಕನೇ ಕ್ಲಾಸು, ಕಿವಿಯೂ ಈಗ ಮಂದ. ಅವರು ಕಿಟಕಿಯ ಕಡೆ ತಿರುಗಿ ನೋಡಿದರು, ಆಗಷ್ಟೇ ಮಳೆ ಬಿಟ್ಟಿತ್ತು, "ಇತ್ತೆ ಇಜ್ಜಿ" ಅಂದರು. ಈಗ ಇಲ್ಲ ಅಂತ. ಸಿಸ್ಟರ್ ತಲೆ ಆಡಿಸಿ ಚೀಟಿಯಲ್ಲಿ ಏನೋ ಬರೆದಳು. ನಾನು ಸಾಲಿನಿಂದ ಇದನ್ನು ನೋಡುತ್ತಿದ್ದೆ, ಆದರೆ ಅದರಿಂದ ಏನಾಗಬಹುದು ಅಂತ ನನಗೆ ಹೊಳೆಯಲೇ ಇಲ್ಲ.

ಆಮೇಲೆ ಎರಡೂವರೆ ಗಂಟೆ ಕಾದೆವು. ಎರಚಲು ಬರುತ್ತದೆ ಅಂತ ಯಾರೋ ಕಿಟಕಿ ಹಾಕಿದರು. ನಮ್ಮ ಪಕ್ಕದಲ್ಲಿ ಬಾಣಂತಿತನ ಮುಗಿದಿರದ ಒಬ್ಬಳು ತಾಯಿ, ಮಡಿಲಲ್ಲಿ ಮಗು. ಎದುರಿನ ಬೆಂಚಿನಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಬರುವ ಅಜ್ಜ. ಅತ್ತೆ ಸೆರಗು ಬಾಯಿಗೆ ಹಿಡಿದು ಕೆಮ್ಮುತ್ತಲೇ ಇದ್ದರು. ಗೋಡೆಯಲ್ಲಿ ಕೆಮ್ಮುವವರು ಏನು ಮಾಡಬೇಕು ಅಂತ ದೊಡ್ಡ ಬೋರ್ಡು ಇತ್ತು, ಮಲಯಾಳದಲ್ಲಿ ಮತ್ತು ಇಂಗ್ಲಿಷಿನಲ್ಲಿ. ಡಾಕ್ಟರ ಹತ್ತಿರ ಎರಡು ನಿಮಿಷ ಸಿಕ್ಕಿತು. ಐದು ದಿನದ ಆಂಟಿಬಯೋಟಿಕ್ ಕೊಟ್ಟರು, ಮನೆಗೆ ಬಂದೆವು.

ಹತ್ತು ದಿನ ಬಿಟ್ಟು ಪುನಃ ಹೋದಾಗ ಬೇರೆ ಡಾಕ್ಟರ್ ಇದ್ದರು. ಚಿಕ್ಕ ಪ್ರಾಯದವರು, ನಮ್ಮ ಕಡೆಯವರೇ. ಅತ್ತೆಯ ಮುಖ ನೋಡಿ ಕನ್ನಡದಲ್ಲಿ ಕೇಳಿದರು: ಎಷ್ಟು ದಿನದಿಂದ ಕೆಮ್ಮು ಅಮ್ಮಾ? ಸಂಜೆ ಹೊತ್ತು ಮೈ ಬಿಸಿ ಆಗುತ್ತದಾ? ರಾತ್ರಿ ಬೆವರುತ್ತೀರಾ? ರವಿಕೆ ಸಡಿಲ ಆಗಿದೆಯಾ? ಅತ್ತೆ ಎಲ್ಲದಕ್ಕೂ ಹೌದು ಅಂದರು. ರವಿಕೆಗೆ ಎರಡು ಸಲ ಹೊಲಿಗೆ ಹಾಕಿದ್ದನ್ನೂ ಹೇಳಿದರು. ನನಗೇ ಗೊತ್ತಿರಲಿಲ್ಲ ಅದು. ಡಾಕ್ಟರ್ ಕೂಡಲೇ ಒಂದು ಮಾಸ್ಕ್ ಕೊಟ್ಟು ಹಾಕಿಸಿದರು, ಹೊರಗೆ ವರಾಂಡದ ಗಾಳಿಯಲ್ಲಿ ಕೂರಲಿಕ್ಕೆ ಹೇಳಿದರು, ಕಫ ಪರೀಕ್ಷೆಗೆ ಬರೆದರು. ಮೆಷಿನ್‌ನಲ್ಲಿ ಮಾಡುವ ಆ ಪರೀಕ್ಷೆ ಈಗ ಕೆಲವೇ ಗಂಟೆಗಳಲ್ಲಿ ಆಗುತ್ತದಂತೆ, ಮಾಮೂಲಿ ಮದ್ದು ಹಿಡಿಯುತ್ತದೋ ಇಲ್ಲವೋ ಅನ್ನುವುದೂ ಅದರಲ್ಲೇ ತಿಳಿಯುತ್ತದೆ. ಕ್ಷಯ ಅಂತ ಬಂತು.

ಅತ್ತೆ ಈಗ ಗುಣವಾಗಿದ್ದಾರೆ. ಆರು ತಿಂಗಳ ಮಾತ್ರೆ ಒಂದು ದಿನವೂ ತಪ್ಪಿಸಲಿಲ್ಲ, ಎಲ್ಲವೂ ಸರಕಾರದಿಂದ ಉಚಿತ. ಮನೆಯವರೆಲ್ಲರ ಪರೀಕ್ಷೆಯಾಯಿತು, ನಾಲ್ಕು ವರ್ಷದ ಮಗಳಿಗೆ ಕಾಯಿಲೆ ಇಲ್ಲ ಅಂತ ಖಚಿತ ಮಾಡಿಕೊಂಡು ಮುಂಜಾಗ್ರತೆಯ ಮದ್ದು ಕೊಟ್ಟರು. ನಮ್ಮ ಮನೆಗೆ ತೊಂದರೆಯಾಗಲಿಲ್ಲ. ಆದರೆ ಆ ದಿನ ಕಿಟಕಿ ಹಾಕಿದ ಹಾಲಿನಲ್ಲಿ ನಮ್ಮ ಪಕ್ಕ ಕೂತಿದ್ದ ಮಗು? ಡಯಾಲಿಸಿಸ್‌ನ ಅಜ್ಜ? ಅವರು ಯಾರು, ಎಲ್ಲಿಯವರು ಅಂತ ನನಗೆ ಗೊತ್ತಿಲ್ಲ. ಈಗಲೂ ಕೆಲವು ಸಲ ರಾತ್ರಿ ಆ ಮಗುವಿನ ಟೊಪ್ಪಿ ನೆನಪಾಗುತ್ತದೆ. ಹಳದಿ ಉಣ್ಣೆಯ ಟೊಪ್ಪಿ.

ಇಷ್ಟೇ ನಾನು ಹೇಳಲಿಕ್ಕೆ ಹೊರಟದ್ದು. ಆಸ್ಪತ್ರೆಯಲ್ಲಿ ಅಂಟುರೋಗ ಹಿಡಿಯುವ ಮೊದಲ ಸಾಧನ ಮೆಷಿನ್ ಅಲ್ಲ, ಬಾಗಿಲಲ್ಲಿ ಕೇಳುವ ನಾಲ್ಕು ಪ್ರಶ್ನೆ. ಆ ಪ್ರಶ್ನೆ ರೋಗಿಗೆ ಅರ್ಥವಾಗದಿದ್ದರೆ ಒಳಗೆ ಎಷ್ಟು ಲಕ್ಷದ ಮೆಷಿನ್ ಇದ್ದರೂ ಹತ್ತು ದಿನ ತಡವಾಗುತ್ತದೆ. ಕಾಸರಗೋಡಿನಲ್ಲಿ ಕನ್ನಡ ಬೇಕು ಅಂತ ಕೇಳಿದರೆ ಇದು ಬರೀ ಹಕ್ಕಿನ ಜಗಳ, 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ಇದ್ದದ್ದೇ ಅಂತ ಹೇಳುವವರಿದ್ದಾರೆ. ಹಕ್ಕಿನ ವಿಷಯ ಬೇರೆಯೇ ಉಂಟು, ಅದನ್ನು ಮಾತಾಡುವವರು ಮಾತಾಡಲಿ. ನಾನು ಕೇಳುತ್ತಿರುವುದು ಪಕ್ಕದ ಬೆಂಚಿನಲ್ಲಿ ಕೂತ ಮಲಯಾಳಿ ಮಗುವಿಗಾಗಿಯೂ ಹೌದು. ಕ್ಷಯದ ರೋಗಾಣು ಭಾಷೆ ನೋಡಿ ಹರಡುವುದಿಲ್ಲ.

ಕೇಳಿ ತಿಳಿಯುವುದರ ಬೆಲೆ ಕೇರಳಕ್ಕೆ ಹೊಸದಲ್ಲ. 2018ರ ಮೇ ತಿಂಗಳಲ್ಲಿ ಕೋಝಿಕ್ಕೋಡಿನ ಪೇರಾಂಬ್ರ ಕಡೆ ಬಾವಲಿಯಿಂದ ಬರುವ ನಿಪಾ ವೈರಸ್ ಜ್ವರ ಬಂತಲ್ಲ, ಆಗ ಲ್ಯಾಬಿನಲ್ಲಿ ಖಚಿತವಾದ ಕೇಸು 18. ಹೆಚ್ಚಿನವರು ಉಳಿಯಲಿಲ್ಲ. ಅವರಲ್ಲಿ ಬಹಳಷ್ಟು ಜನರಿಗೆ ರೋಗ ತಗಲಿದ್ದು ಬಾವಲಿಯಿಂದ ಅಲ್ಲ, ಆಸ್ಪತ್ರೆಯಲ್ಲಿ, ಮೊದಲ ರೋಗಿಯ ಹತ್ತಿರ ಇದ್ದದ್ದರಿಂದ. ಬೇರೆ ಕೆಲಸಕ್ಕೆ ಆಸ್ಪತ್ರೆಗೆ ಬಂದವರು, ಸಂಬಂಧಿಕರ ಜೊತೆ ನಿಂತವರು. ಮೊದಲ ರೋಗಿ ತೀರಿಕೊಂಡಾಗ ಏನಾಯಿತು ಅಂತ ಯಾರಿಗೂ ಗೊತ್ತಾಗಿರಲಿಲ್ಲ. ಅದೇ ಮನೆಯ ಇನ್ನೊಬ್ಬ ಅದೇ ಲಕ್ಷಣ ಹೊತ್ತು ಬಂದಾಗ ಡಾಕ್ಟರುಗಳು ಮನೆಯ ಕಥೆ ಕೇಳಿದರು, ಸಂಶಯ ಬಂದು ಸ್ಯಾಂಪಲ್ ನಮ್ಮ ಪಕ್ಕದ ಮಣಿಪಾಲಕ್ಕೆ ಕಳಿಸಿದರು, ಅಲ್ಲಿ ನಿಪಾ ಅಂತ ತಿಳಿಯಿತು. ಪೇರಾಂಬ್ರ ತಾಲೂಕು ಆಸ್ಪತ್ರೆಯ ನರ್ಸ್ ಲಿನಿ ಮೊದಲ ರೋಗಿಯ ಆರೈಕೆ ಮಾಡಿದವರು, ಮೇ 21ರಂದು ತೀರಿಕೊಂಡರು, ಇಬ್ಬರು ಸಣ್ಣ ಮಕ್ಕಳ ತಾಯಿ. 2023ರಲ್ಲಿ ಅದೇ ಜಿಲ್ಲೆಯಲ್ಲಿ ಪುನಃ ಬಂದಾಗ ಆರು ಕೇಸಿಗೆ ನಿಂತಿತು, ಇಬ್ಬರು ತೀರಿಕೊಂಡರು. ಅಷ್ಟರಲ್ಲಿ ಕೇಳುವುದು, ಬೇರೆ ಇಡುವುದು, ಹತ್ತಿರ ಬಂದವರನ್ನು ಹುಡುಕುವುದು ಎಲ್ಲ ಅಭ್ಯಾಸವಾಗಿತ್ತು.

ನಮ್ಮ ಜಿಲ್ಲೆಯದ್ದೇ ಉದಾಹರಣೆ ಬೇಕಿದ್ದರೆ 2020ರ ಫೆಬ್ರವರಿ 3. ದೇಶದ ಮೂರನೇ ಕೊರೋನಾ ಕೇಸು ನಮ್ಮ ಕಾಞಂಗಾಡಿನದ್ದು. ವುಹಾನಿನಿಂದ ಬಂದ ವಿದ್ಯಾರ್ಥಿ. ಎಲ್ಲಿಂದ ಬಂದದ್ದು ಅಂತ ಮೊದಲೇ ಕೇಳಿ ತಿಳಿದು ಅವರನ್ನು ಬೇರೆ ಇಟ್ಟಿದ್ದರು, ಹಾಗಾಗಿ ಅವರಿಂದ ಇನ್ನೊಬ್ಬರಿಗೆ ಹೋಗಲಿಲ್ಲ.

ಇನ್ನು ಅತ್ತೆ ವಾರ್ಡಿನಲ್ಲಿದ್ದ ದಿನಗಳ ಕಥೆ. ತುಂಬಾ ನಿತ್ರಾಣ ಇತ್ತು, ಸಕ್ಕರೆಯೂ ಏರಿತ್ತು, ಹನ್ನೊಂದು ದಿನ ಅಡ್ಮಿಟ್. ನಾನೇ ಬೈಸ್ಟ್ಯಾಂಡರ್, ಅಂದರೆ ರೋಗಿಯ ಜೊತೆ ಉಳಿಯುವವಳು. ಹನ್ನೊಂದು ದಿನ ಸುಮ್ನೆ ಕೂತಿರಲಿಲ್ಲ, ನೋಡುತ್ತಿದ್ದೆ. ಒಬ್ಬರು ಗ್ಲೌಸ್ ಹಾಕಿಕೊಂಡು ಒಂದು ಬೆಡ್‌ನ ಡ್ರಿಪ್ ಸರಿ ಮಾಡಿದರು, ಅದೇ ಗ್ಲೌಸಿನಲ್ಲಿ ಫೋನ್ ಎತ್ತಿದರು, ಅದೇ ಕೈಯಲ್ಲಿ ಅತ್ತೆಯ ಕೈಯ ಸೂಜಿ ಮುಟ್ಟಲಿಕ್ಕೆ ಬಂದರು. ನಾನು ಹೆದರಿ ಹೆದರಿ, "ಸಿಸ್ಟರ್, ಕೈ ತೊಳೆದು ಬರುತ್ತೀರಾ" ಅಂದೆ. ಅವರಿಗೆ ಸಿಟ್ಟು ಬರಲಿಲ್ಲ, "ಅಯ್ಯೋ ಸೋರಿ ಚೇಚಿ" ಅಂತ ಹೇಳಿ ತೊಳೆದು ಬಂದರು. ಬದಲಿಸದೆ ಹಾಕಿಕೊಂಡೇ ಇದ್ದರೆ ಗ್ಲೌಸ್ ಅವರ ಕೈಗೆ ಮಾತ್ರ ರಕ್ಷೆ, ರೋಗಿಗೆ ಅಲ್ಲ. ಒಬ್ಬ ರೋಗಿಗೆ ಒಂದು ಜೋಡಿ, ತೆಗೆದ ಮೇಲೂ ಕೈ ತೊಳೆಯಬೇಕು. ಸೋಪು ನೀರಾದರೆ 40ರಿಂದ 60 ಸೆಕೆಂಡು, ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು ಉಜ್ಜಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭೇದಿಯ ರೋಗಿ ಇದ್ದಲ್ಲಿ ಸ್ಯಾನಿಟೈಸರ್ ಸಾಲದು, ಸೋಪೇ ಬೇಕು. ಅದೇ ಸಂಸ್ಥೆಯ 2022ರ ವರದಿಯಲ್ಲಿ ಉಂಟು, ನಮ್ಮಂಥ ದೇಶಗಳಲ್ಲಿ ಆಸ್ಪತ್ರೆಗೆ ಸೇರಿದ 100 ಜನರಲ್ಲಿ 15 ಜನರಿಗೆ ಅಲ್ಲಿಯೇ ಹೊಸ ಸೋಂಕು ತಗಲುತ್ತದೆ, ಶ್ರೀಮಂತ ದೇಶಗಳಲ್ಲಿ ಅದು 7. ಹಾಗೆ ಸೋಂಕು ತಗಲಿದ ಹತ್ತು ಜನರಲ್ಲಿ ಒಬ್ಬರು ತೀರಿಕೊಳ್ಳುತ್ತಾರೆ. ಕಾಯಿಲೆ ಗುಣ ಮಾಡಿಕೊಳ್ಳಲಿಕ್ಕೆ ಹೋದವರು!

ಮೂತ್ರದ ಚೀಲ ಹಾಕಿದ್ದರು ಅತ್ತೆಗೆ. ಸ್ಕ್ಯಾನಿಂಗಿಗೆ ಕರಕೊಂಡು ಹೋಗುವಾಗ ಅಟೆಂಡರ್ ಆ ಚೀಲವನ್ನು ಎತ್ತಿ ಅವರ ಹೊಟ್ಟೆಯ ಮೇಲೆ ಇಟ್ಟು ಗಾಲಿ ಮಂಚ ದೂಡಿದ. ಚೀಲದ ಮೂತ್ರ ನಳಿಗೆಯಲ್ಲಿ ಹಿಂದೆ ಹೋಗುವುದನ್ನು ಕಣ್ಣಾರೆ ನೋಡಿದೆ. ಮೂರನೇ ದಿನ ಚಳಿ ಜ್ವರ, ಮೂತ್ರದಲ್ಲಿ ಸೋಂಕು. ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೆ ಇರಬೇಕು, ನೆಲಕ್ಕೆ ತಾಗಬಾರದು, ಇದನ್ನು ಆಮೇಲೆ ಒಬ್ಬ ಹಿರಿಯ ಸಿಸ್ಟರ್ ನನಗೆ ಹೇಳಿಕೊಟ್ಟರು. ಮೊದಲೇ ಗೊತ್ತಿದ್ದರೆ ನಾನೇ ಹಿಡಿದುಕೊಂಡು ನಡೆಯುತ್ತಿದ್ದೆ. ದಿನಾ ಬೆಳಗ್ಗೆ ರೌಂಡ್ಸಿಗೆ ಬಂದ ಡಾಕ್ಟರಲ್ಲಿ "ಈ ನಳಿಗೆ ಇನ್ನೂ ಬೇಕಾ, ಕೈಯ ಸೂಜಿ ಇನ್ನೂ ಬೇಕಾ" ಅಂತ ಕೇಳಬೇಕಂತೆ, ಯಾಕೆಂದರೆ ಒಂದೊಂದು ದಿನ ಜಾಸ್ತಿ ಇಟ್ಟಷ್ಟೂ ಸೋಂಕಿಗೆ ದಾರಿ. ಸೂಜಿ ಚುಚ್ಚಿದ ಜಾಗ ಕೆಂಪಾದರೆ, ಊದಿದರೆ, ನೋವು ಅಂದರೆ ಕೂಡಲೇ ಹೇಳಬೇಕು. ಇಷ್ಟನ್ನು ಬೈಸ್ಟ್ಯಾಂಡರ್ ಪಾಸು ಕೊಡುವಾಗಲೇ ಒಂದು ಸಣ್ಣ ಚೀಟಿಯಲ್ಲಿ ಕನ್ನಡದಲ್ಲೂ ಬರೆದು ಕೊಟ್ಟರೆ ಎಷ್ಟು ಉಪಕಾರ.

ನಮ್ಮವರ ತಪ್ಪನ್ನೂ ಹೇಳಲೇಬೇಕು. ಅತ್ತೆ ಅಡ್ಮಿಟ್ ಅಂತ ಗೊತ್ತಾದ ಭಾನುವಾರ ಊರಿನಿಂದ ಜೀಪು ಮಾಡಿಕೊಂಡು ಒಂಬತ್ತು ಜನ ಬಂದರು, ಇಬ್ಬರು ಸಣ್ಣ ಮಕ್ಕಳ ಸಹಿತ. ಬೊಂಡ, ಬಿಸ್ಕೆಟ್, ಹಾರ್ಲಿಕ್ಸ್. ಎಲ್ಲರೂ ಮಂಚದ ಮೇಲೆಯೇ ಕೂತರು, ಅತ್ತೆಯ ಕೈ ಹಿಡಿದು ಮಾತಾಡಿಸಿದರು, ಅದೇ ಕೈಯಲ್ಲಿ ಮಕ್ಕಳಿಗೆ ಬಿಸ್ಕೆಟ್ ಮುರಿದು ಕೊಟ್ಟರು. ಪ್ರೀತಿಯಿಂದ ಬಂದವರು, ಹೇಗೆ ಬೇಡ ಅನ್ನುವುದು? ಆದರೂ ಆ ದಿನ ನಾನು ಹೇಳಿದೆ, ಮಕ್ಕಳನ್ನು ಹೊರಗೆ ಕಳಿಸಿದೆ. ಒಬ್ಬ ಭಾವನಿಗೆ ಬೇಜಾರಾಯಿತು, ಮೂರು ತಿಂಗಳು ಮನೆಗೆ ಬರಲಿಲ್ಲ. ನೋಡಿಕೊಂಡು ಬರಲಿಕ್ಕೆ ಒಬ್ಬರು ಹೋದರೆ ಸಾಕು, ಉಳಿದವರು ಫೋನ್ ಮಾಡಬಹುದು. ನೆಗಡಿ, ಜ್ವರ ಇದ್ದವರು ಹೋಗಲೇಬಾರದು.

ಗಡಿಯ ವಿಷಯವೂ ಉಂಟು. ನಮಗೆ ದೊಡ್ಡ ಕಾಯಿಲೆ ಅಂದರೆ ಮಂಗಳೂರು. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಎಷ್ಟು ಜನ ಒದ್ದಾಡಿದರು, ಅಂಬುಲೆನ್ಸಿನಲ್ಲೇ ಜೀವ ಹೋದವರ ಸುದ್ದಿ ನೀವೇ ಬರೆದಿದ್ದೀರಿ. ಮಂಗಳೂರಿನಲ್ಲಿ ಹದಿನೈದು ದಿನ ಐ.ಸಿ.ಯು.ನಲ್ಲಿ ಇದ್ದು ಊರಿಗೆ ಬಂದವರು ಆಮೇಲೆ ಡ್ರೆಸ್ಸಿಂಗಿಗೆ, ಸಣ್ಣ ಜ್ವರಕ್ಕೆ ಹತ್ತಿರದ ಆಸ್ಪತ್ರೆಗೆ ಹೋಗುತ್ತಾರೆ. ಡಿಸ್ಚಾರ್ಜ್ ಚೀಟಿ ಮನೆಯ ಕಪಾಟಿನಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಇರುತ್ತದೆ. ದೊಡ್ಡ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದವರ ಮೈಯಲ್ಲಿ ಮಾಮೂಲಿ ಮದ್ದಿಗೆ ಬಗ್ಗದ ರೋಗಾಣು ಏನೂ ತೊಂದರೆ ಕೊಡದೆ ಕೂತಿರಬಹುದು, ಅದು ಪಕ್ಕದ ಬೆಡ್‌ನ ಗಾಯಕ್ಕೆ ಹೋದರೆ ಮತ್ತೆ ಕಷ್ಟ. ಹಾಗಾಗಿ ಎಲ್ಲಿಗೆ ಹೋದರೂ ಆ ಕವರ್ ಹಿಡಿದುಕೊಂಡು ಹೋಗಿ, ಕೇಳದಿದ್ದರೂ ತೋರಿಸಿ.

ಒಂದು ವಿಷಯ ಮಾತ್ರ ನನ್ನನ್ನು ಜಾಸ್ತಿ ಕಾಡುತ್ತದೆ. ನಮ್ಮ ನೆರೆಯ ಅಕ್ಕ ಒಬ್ಬರು ಒಂದು ಆಸ್ಪತ್ರೆಯಲ್ಲಿ ಕ್ಲೀನಿಂಗ್ ಕೆಲಸಕ್ಕೆ ಹೋಗುತ್ತಾರೆ. ಒಂದು ದಿನ ಕಸದ ಚೀಲ ಎತ್ತುವಾಗ ಬೆರಳಿಗೆ ಸೂಜಿ ಚುಚ್ಚಿತು. ಸೂಜಿ ಹಾಕಲಿಕ್ಕೆ ತೂತಾಗದ ಬಿಳಿ ಡಬ್ಬಿ ಉಂಟು, ಆಸ್ಪತ್ರೆ ಕಸದ 2016ರ ನಿಯಮದಲ್ಲೇ ಇದೆ, ಒಂದೊಂದು ಬಗೆಯ ಕಸಕ್ಕೆ ಒಂದೊಂದು ಬಣ್ಣ, ಹಳದಿ ಕೆಂಪು ಬಿಳಿ ನೀಲಿ ಅಂತ. ಯಾರೋ ಅವಸರದಲ್ಲಿ ಸೂಜಿಯನ್ನು ಚೀಲಕ್ಕೆ ಎಸೆದಿದ್ದರು. ಅಕ್ಕ ಕೈ ತೊಳೆದುಕೊಂಡು ಕೆಲಸ ಮುಗಿಸಿ ಮನೆಗೆ ಬಂದರು, ಯಾರಿಗೂ ಹೇಳಲಿಲ್ಲ, ತನ್ನ ತಪ್ಪು ಅಂತ ಕೆಲಸ ತೆಗೆದರೆ ಅಂತ ಹೆದರಿಕೆ. ಎರಡನೇ ದಿನ ರಾತ್ರಿ ನನ್ನ ಹತ್ತಿರ ಹೇಳಿದರು. ಟ್ರೈನಿಂಗ್ ಕೊಟ್ಟಿರಲಿಲ್ಲವಾ ಅಂತ ಕೇಳಿದೆ. "ಕೊಟ್ಟಿದ್ದಾರೆ, ಎಲ್ಲ ಮಲಯಾಳ, ಪರದೆಯಲ್ಲಿ ಇಂಗ್ಲಿಷು. ಚಹಾ ವಡೆ ಕೊಟ್ಟರು, ಸಹಿ ಹಾಕಿದೆ" ಅಂದರು. ಸೂಜಿ ಚುಚ್ಚಿದ ಕೂಡಲೇ ಸೋಪು ನೀರಿನಲ್ಲಿ ತೊಳೆದು, ಹಿಂಡದೆ, ಅದೇ ಗಳಿಗೆಯಲ್ಲಿ ಹೇಳಬೇಕು. ಎಚ್‌.ಐ.ವಿ. ತಡೆಯುವ ಮಾತ್ರೆ ಎಷ್ಟು ಬೇಗ ಆಗುತ್ತದೋ ಅಷ್ಟು ಒಳ್ಳೆಯದು, 72 ಗಂಟೆ ದಾಟಬಾರದು. ಎಚ್‌.ಐ.ವಿ.ಗಿಂತ ಸುಲಭವಾಗಿ ತಗಲುವುದು ಹೆಪಟೈಟಿಸ್ ಬಿ ಅನ್ನುವ ಲಿವರಿನ ರೋಗ. ಆ ರೋಗ ಇದ್ದವರ ಸೂಜಿ ಚುಚ್ಚಿದರೆ, ಲಸಿಕೆ ಹಾಕಿಸಿಕೊಳ್ಳದ 100 ಜನರಲ್ಲಿ 30 ಜನರವರೆಗೆ ತಗಲಬಹುದು, ಎಚ್‌.ಐ.ವಿ. ಆದರೆ 1000ದಲ್ಲಿ 3. ಆ ಬಿ ರೋಗಕ್ಕೆ ಲಸಿಕೆ ಉಂಟು, ಮೂರು ಡೋಸು. ಅಕ್ಕನಿಗೆ ಒಂದೂ ಆಗಿರಲಿಲ್ಲ. ಆ ರಾತ್ರಿಯೇ ಕರಕೊಂಡು ಹೋದೆವು. ಆರು ತಿಂಗಳು ಪರೀಕ್ಷೆ ಮಾಡಿಸಿದರು, ದೇವರ ದಯೆ, ಏನೂ ಇಲ್ಲ. ಆದರೆ ಆ ಆರು ತಿಂಗಳು ಅವರು ಮೊಮ್ಮಗುವನ್ನು ಎತ್ತಿಕೊಳ್ಳಲಿಲ್ಲ. ಎತ್ತಿಕೊಂಡರೆ ತಗಲುವುದಿಲ್ಲ ಅಂತ ಅವರ ಭಾಷೆಯಲ್ಲಿ ಕೂತು ಹೇಳಿದವರು ಯಾರೂ ಇರಲಿಲ್ಲ. ನನಗೂ ಆಗ ಧೈರ್ಯವಾಗಿ ಹೇಳುವಷ್ಟು ಗೊತ್ತಿರಲಿಲ್ಲ.

ಇದಕ್ಕೆಲ್ಲ ತಿರುವನಂತಪುರಕ್ಕೆ ಅರ್ಜಿ ಹಾಕಿ ಕಾಯುವ ಅಗತ್ಯ ಇಲ್ಲ. ಕೇರಳದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಗ್ರಾಮ ಪಂಚಾಯತಿನ ಕೈಯಲ್ಲಿದೆ, ಜಿಲ್ಲಾ ಆಸ್ಪತ್ರೆ ಜಿಲ್ಲಾ ಪಂಚಾಯತಿನ ಕೈಯಲ್ಲಿ. ಆಸ್ಪತ್ರೆ ನಿರ್ವಹಣಾ ಸಮಿತಿಯಲ್ಲಿ ನಾವೇ ಓಟು ಕೊಟ್ಟ ಮೆಂಬರುಗಳು ಕೂರುತ್ತಾರೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಎಣ್ಮಕಜೆ, ಪೈವಳಿಕೆ, ಮುಳ್ಳೇರಿಯ ಕಡೆಯ ಮೆಂಬರುಗಳು ಇದನ್ನು ಓದಿದರೆ ಮುಂದಿನ ಮೀಟಿಂಗಿನಲ್ಲಿ ಒಂದು ಮಾತು ಎತ್ತಿ. ಕೆಮ್ಮುವವರಿಗೆ ವರಾಂಡದಲ್ಲಿ ಬೇರೆ ಬೆಂಚು, ಅಲ್ಲೇ ಒಂದು ಡಬ್ಬಿ ಮಾಸ್ಕು, ಮಳೆ ಇದ್ದರೂ ತೆರೆದಿಡಬಹುದಾದ ಕಿಟಕಿ, ಬೇಕಿದ್ದರೆ ಹೊರಗಿನಿಂದ ಒಂದು ಶೀಟ್ ಇಳಿಸಿ. ಮೈಯಲ್ಲಿ ಗುಳ್ಳೆ ಎದ್ದು ಜ್ವರ ಇರುವ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸದೆ ಮೊದಲು ಒಳಗೆ ಕಳಿಸಿ, ದಡಾರದ ವೈರಸ್ ರೋಗಿ ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ಗಾಳಿಯಲ್ಲಿ ಉಳಿಯಬಹುದು. ಕ್ಲೀನಿಂಗಿನವರ ತರಬೇತಿ ತುಳು, ಕನ್ನಡದಲ್ಲೂ ಆಗಲಿ, ಲಸಿಕೆ ಆಗಿದೆಯಾ ಅಂತ ರಿಜಿಸ್ಟರ್ ಇಡಲಿ. ಬಿ.ಪಿ. ನೋಡುವ ಮೇಜಿನಲ್ಲಿ ನಮ್ಮ ಭಾಷೆ ಬರುವ ಒಬ್ಬರು ಇರಲಿ. ಪಂಚಾಯತಿನ ಪ್ರತಿ ವಾರ್ಡಿನಲ್ಲೂ ಆಶಾ ಕಾರ್ಯಕರ್ತೆಯರಿದ್ದಾರೆ, ಅವರಿಗೆ ಮನೆ ಮನೆಯ ಮಾತು ಗೊತ್ತು, ಅವರನ್ನು ಕೇಳಿದರೆ ಪ್ರಶ್ನೆ ಹೇಗೆ ಕೇಳಬೇಕು ಅಂತ ಅವರೇ ಹೇಳುತ್ತಾರೆ.

ಅತ್ತೆಯ ಕೊನೆಯ ಮಾತ್ರೆ ತರಲಿಕ್ಕೆ ಹೋದ ದಿನ ನಾನು ಒಂದು ಕಾಗದ ಬರೆದು ತೆಗೆದುಕೊಂಡು ಹೋಗಿದ್ದೆ. ಮಗ ಶಾಲೆಯಲ್ಲಿ ಮಲಯಾಳ ಕಲಿಯುತ್ತಾನೆ, ಅವನ ಸಹಾಯದಿಂದ ಮಲಯಾಳ ಲಿಪಿಯಲ್ಲೇ ಬರೆಸಿದ್ದೆ: ಚುಮಗೆ ಕನ್ನಡದಲ್ಲಿ ಕೆಮ್ಮು, ತುಳುವಿನಲ್ಲಿ ಸೆಮ್ಮ. ಪನಿಗೆ ಜ್ವರ. ಎಷ್ಟು ದಿನ ಆಯಿತು, ರಾತ್ರಿ ಬೆವರುತ್ತದಾ, ಮನೆಯಲ್ಲಿ ಬೇರೆ ಯಾರಿಗಾದರೂ ಉಂಟಾ. ಒಟ್ಟು ಎಂಟು ಸಾಲು. ಅದೇ ಸಿಸ್ಟರ್ ಇದ್ದಳು. ಓದಿ ನೋಡಿ, ಎರಡು ಸಲ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿ, ಮೇಜಿನ ಗ್ಲಾಸಿನ ಅಡಿಗೆ ಸೇರಿಸಿದಳು. ನಾವು ಹೊರಡುವಾಗ ಒಬ್ಬರು ಅಜ್ಜಿ ಬಂದು ಕೂತಿದ್ದರು. "ಅಮ್ಮೇ, ಸೆಮ್ಮ ಉಂಡಾ?" ಅಂತ ಕೇಳಿದ್ದು ನನ್ನ ಕಿವಿಗೆ ಬಿತ್ತು. ಅಜ್ಜಿ ಉಂಡು ಅಂದರು, ಯಾವಾಗಿನಿಂದ ಅಂತ ಶುರುಮಾಡಿ ಹೇಳುತ್ತಾ ಹೋದರು.

ಆ ಕಾಗದ ಪೆನ್ನಿನಲ್ಲಿ ಬರೆದದ್ದು, ಗ್ಲಾಸಿನ ಅಡಿಗೆ ನೀರು ಹೋದರೆ ಅಳಿಸಿ ಹೋಗುತ್ತದೆ. ಅಚ್ಚು ಹಾಕಿಸಿ ಎಲ್ಲ ಆಸ್ಪತ್ರೆಗೂ ಕೊಡುವ ಮನಸ್ಸು ಯಾರಿಗಾದರೂ ಇದ್ದರೆ ಎಂಟು ಸಾಲನ್ನೂ ಶುದ್ಧವಾಗಿ ಬರೆದು ನಿಮ್ಮ ಕಚೇರಿಗೆ ಕಳಿಸುತ್ತೇನೆ.

ನಿಮ್ಮ ಓದುಗರಲ್ಲಿ ಒಬ್ಬಳು,
ಪೆರ್ಲ, ಕಾಸರಗೋಡು